ಉತ್ತರದವರ ಉತ್ತರ

ನನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಲು ಮಾತು ಬರಬೇಕಾಗಿಲ್ಲ, ಹ್ಞೂಂಗುಟ್ಟಲು ಬಂದರೆ ಸಾಕು. ಪ್ರತಿ ಭಾನುವಾರ ಚಿತ್ರದುರ್ಗದಿಂದ ಬರುವ ಅವಳ ಕರೆಯಲ್ಲಿ ಬೀದಿ ನಲ್ಲಿಯ ನೀರಿನಿಂದ ಹಿಡಿದು ಎದುರುಮನೆಯ ಬೀಗರ ಬಿಂಕದವರೆಗೆ ವಾರದ ವರ್ತಮಾನವೆಲ್ಲ ಅಖಂಡವಾಗಿ ಹರಿದು ಬರುತ್ತದೆ. ನಾನು ಸ್ವೀಡನ್ನಿನ ಲಿಂಕೋಪಿಂಗಿನ ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಇರುಕಿಸಿಕೊಂಡು, ಒಂದೊಂದು ವಾಕ್ಯದ ಕೊನೆಗೂ ಒಂದೊಂದು ಹ್ಞೂಂ ಸಲ್ಲಿಸುತ್ತಿರುತ್ತೇನೆ. ಒಂದು ತಪ್ಪಿದರೂ ಕಥಾಪ್ರವಾಹ ಅಲ್ಲೇ ಸ್ತಬ್ಧ. "ಇದೀಯೇನೋ? ಲೈನ್ ಕಟ್ಟಾಯ್ತಾ?" ಎಂದು ಅವಳು, "ಇದೀನಿ ಕಣಕ್ಕ, ಹೇಳು" ಎಂದು ನಾನು. ಹಿಂದೆ ನಮಗೆ ಕಥೆ ಹೇಳುತ್ತಿದ್ದ ಅಜ್ಜಿಯೂ ಹೀಗೆಯೇ. ಹ್ಞೂಂ ಅನ್ನುವವರಿಲ್ಲದಿದ್ದರೆ ರಾಜಕುಮಾರನನ್ನು ಕಾಡಿನ ನಡುವೆಯೇ ಬಿಟ್ಟು ಮಲಗಿಬಿಡುತ್ತಿದ್ದಳು.

ಯೋಚಿಸಿ ನೋಡಿದರೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ಮಿತವ್ಯಯದ ಪದ ಇನ್ನೊಂದಿಲ್ಲ. ಬಾಯಿ ತೆರೆಯುವ ಶ್ರಮವಿಲ್ಲ, ನಾಲಗೆ ಹೊರಳಿಸಬೇಕಿಲ್ಲ. ಮೂಗಿನಿಂದ ಒಂದಿಷ್ಟು ಉಸಿರು ಹೊರಗೆ ಹೋದರೆ ಸಮ್ಮತಿ, ಅದೇ ಉಸಿರು ನಡುವೆ ಒಮ್ಮೆ ಮುರಿದು ಊಂಹೂಂ ಆದರೆ ಅಸಮ್ಮತಿ. ಸಮ್ಮತಿಯೋ ಅಸಮ್ಮತಿಯೋ, ಉಸಿರು ಹೊರಗೆ ಹೋಗಲೇಬೇಕು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅದನ್ನೇ ಹೇಳಹೊರಟಿದ್ದೇನೆ, ನೀವು ಮಾತ್ರ ನಡುನಡುವೆ ಹ್ಞೂಂ ಅನ್ನುತ್ತಿರಬೇಕು.

ನಾನು ವೃತ್ತಿಯಿಂದ ಕನ್ನಡ ಅಧ್ಯಾಪಕ. ಹೆಂಡತಿ ಶಾಲಿನಿಗೆ ಲಿಂಕೋಪಿಂಗಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಾಗ ಸಂಬಳರಹಿತ ರಜೆ ಹಾಕಿ ಹಿಂದೆ ಬಂದವನು. "ನಮ್ಮೆಜಮಾನ್ರು ವಿಮಾನ ಹತ್ತೋವಾಗ ಲೆಕ್ಚರರ್ರು, ಇಳಿಯೋವಾಗ ಅಡುಗೆಭಟ್ಟರು" ಎಂದು ಶಾಲಿನಿ ನನ್ನನ್ನು ಪರಿಚಯಿಸುತ್ತಾಳೆ. ನಾನು ಅದಕ್ಕೂ ಹ್ಞೂಂ ಅನ್ನುತ್ತೇನೆ. ವರ್ಷಗಟ್ಟಲೆ ಹುಡುಗರಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಕಲಿಸಿ ಸೋತ ಹಟಕ್ಕೆ, ಮನೆಯಲ್ಲಾದರೂ ಒಂದು ಮಹಾಪ್ರಾಣ ಉಳಿಯಲೆಂದು ಮಗಳಿಗೆ ವಿಭಾ ಎಂದು ಹೆಸರಿಟ್ಟಿದ್ದೆ. ಇಲ್ಲಿನ ಡಾಗಿಸ್, ಅಂದರೆ ಶಿಶುವಿಹಾರ, ಸೇರಿದ ವಾರದಲ್ಲೇ ಅವಳು ವೀಬಾ ಆದಳು. ಐದು ವರ್ಷದ ಮಗುವಿನ ಪ್ರಾಣದಲ್ಲಿ ಅಷ್ಟು ಕಡಿತವಾದದ್ದು ನನಗೆ ಅಪಶಕುನವಾಗಿ ಕಂಡಿತು ಎಂದರೆ ನೀವು ನಗಬಾರದು.

ನಗಬಾರದು ಏಕೆಂದರೆ ನಮ್ಮ ವಂಶದಲ್ಲಿ ಉಸಿರು ತಮಾಷೆಯ ವಿಷಯವಲ್ಲ. ನಮ್ಮಪ್ಪ ನನಗೆ ಬಿಟ್ಟುಹೋದ ಪಿತ್ರಾರ್ಜಿತ ಆಸ್ತಿ ಒಂದೇ, ಉಬ್ಬಸ. ಹೊಲವೋ ಮನೆಯೋ ಆಗಿದ್ದರೆ ದಾಯಾದಿಗಳು ಪಾಲಿಗೆ ಬರುತ್ತಿದ್ದರು. ಇದಕ್ಕೆ ಯಾರೂ ತಕರಾರು ತೆಗೆಯಲಿಲ್ಲ, ಇಡಿಯಾಗಿ ನನಗೇ ಬಂತು. ಚಿಕ್ಕಂದಿನಲ್ಲಿ ದಮ್ಮು ಕಟ್ಟಿದಾಗ ಬೆನ್ನಿಗೆ ದಿಂಬು ಕೊಟ್ಟು, ಎದೆಗೆ ಬಿಸಿ ಎಣ್ಣೆ ಸವರಿ, "ನಿಧಾನ ಮರೀ, ಇನ್ನೊಂದುಸ್ರು, ಇನ್ನೊಂದೇ ಒಂದು" ಎನ್ನುತ್ತ ಕೂರುತ್ತಿದ್ದವಳು ಅಕ್ಕ. ಅವಳು ಪಕ್ಕದ ಕೋಣೆಯಲ್ಲಿದ್ದರೂ ನನ್ನ ಉಸಿರಿನ ಮೊದಲ ತೊಡಕು ನನಗಿಂತ ಮುಂಚೆ ಅವಳಿಗೆ ಗೊತ್ತಾಗುತ್ತಿತ್ತು. ಬಾಯಿ ಅರೆತೆರೆದು, ಭುಜ ಮೇಲೇರಿ, ಗಾಳಿಯನ್ನು ಗಬಕ್ಕನೆ ಒಳಗೆ ಕದಿಯುವ ಆ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ನಾವು ಬಂದ ಮರುವರ್ಷದ ವಸಂತದಲ್ಲಿ ಅದೇ ಸದ್ದು ನನ್ನ ಮಗಳ ಬಾಯಿಂದ ಬಂತು. ಡಾಗಿಸಿನಿಂದ ಕರೆತಂದು ಅವಳ ಬೂಟು ಬಿಚ್ಚುತ್ತ ಕೂತಿದ್ದೆ. "ಹಸಿವಾಗಿದೆಯಾ ಪುಟ್ಟೀ?" ಎಂದೆ. ಅವಳು ಹುಬ್ಬು ಮೇಲೇರಿಸಿ, ತುಟಿ ಚೂಪು ಮಾಡಿ, "ಶ್ಶುಪ್" ಎಂದು ಗಾಳಿ ಒಳಗೆಳೆದುಕೊಂಡಳು. ಬೂಟು ನನ್ನ ಕೈಯಲ್ಲೇ ಉಳಿಯಿತು. ಎದೆ ನೋವಾ ಎಂದರೆ ಇಲ್ಲ ಅಂದಳು, ಉಸಿರಾಡಲು ಕಷ್ಟವಾ ಎಂದರೆ ಇಲ್ಲಪ್ಪ ಅಂದಳು. "ನಿಜ ಹೇಳ್ತಿದೀಯ ತಾನೇ?" ಎಂದೆ. "ಶ್ಶುಪ್!" ಈ ಸಲ ಮೊದಲಿಗಿಂತ ಜೋರು. ಆಸ್ತಿ ಮೂರನೆಯ ತಲೆಮಾರಿಗೆ ವರ್ಗವಾಯಿತು ಎಂದುಕೊಂಡೆ.

ಅಂದಿನಿಂದ ನಾನು ಮಗಳನ್ನು ನೋಡುವುದು ಬಿಟ್ಟು ಕೇಳಲು ಶುರು ಮಾಡಿದೆ. ಆಟವಾಡುವಾಗ ಏನೂ ಇಲ್ಲ, ಓಡುವಾಗ ಇಲ್ಲ, ನಿದ್ದೆಯಲ್ಲಂತೂ ಇಲ್ಲವೇ ಇಲ್ಲ. ತಿಂಡಿಯ ಮಾತೆತ್ತಿದರೆ ಮಾತ್ರ ಬರುತ್ತದೆ. ಐಸ್‌ಕ್ರೀಮ್ ಬೇಕಾ ಎಂಬ ಪ್ರಶ್ನೆಗಂತೂ ಒಂದರ ಹಿಂದೊಂದು ಬಂದು ಮಗು ಕುಣಿದಾಡಿಬಿಡುತ್ತಿತ್ತು. ಶಬ್ದಮಾತ್ರದಿಂದಲೇ ಉಬ್ಬಸ ತರಿಸುವ ಪದಾರ್ಥ ಇನ್ನೆಷ್ಟು ಘೋರವಿರಬೇಕು ಎಂದು ತರ್ಕಿಸಿ ಐಸ್‌ಕ್ರೀಮನ್ನು ನಿಷೇಧಿಸಿದೆ. ಆರೋಗ್ಯ ಸಲಹೆಯ ಫೋನಿನಲ್ಲಿ ಒಬ್ಬಾಕೆ ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡು, ಜ್ವರವಿಲ್ಲದಿದ್ದರೆ ಕಾದು ನೋಡಿ ಎಂದಳು. ಕಾದು ನೋಡುವುದು ಈ ದೇಶದ ಮುಖ್ಯ ಔಷಧ. ಶಾಲಿನಿಯೂ ಮಗುವಿನ ಎದೆಗೆ ಕಿವಿಯಿಟ್ಟು, "ಏನೂ ಇಲ್ಲಾರೀ, ಹಲ್ಲು ಬೀಳೋ ವಯಸ್ಸು, ಏನೋ ಅಭ್ಯಾಸ ಮಾಡ್ಕೊಂಡಿದೆ" ಎಂದಳು. ಆದರೆ ಆಮೇಲೆ ಅವಳೂ ಕಿವಿಗೊಡತೊಡಗಿದ್ದನ್ನು ನಾನು ಗಮನಿಸಿದೆ. ಅಕ್ಕನಿಗೆ ಮಾತ್ರ ಏನೂ ಹೇಳಲಿಲ್ಲ. ಇನ್ನೊಂದು ಸಲ ದಿಂಬು ಹಿಡಿದು ಕೂರುವ ವಯಸ್ಸು ಅವಳದಲ್ಲ.

ಪ್ರಯಾಣದ ಮಾತು ಬಂದದ್ದು ಇದರ ನಡುವೆ. ಶಾಲಿನಿಯ ಸಹೋದ್ಯೋಗಿಯೊಬ್ಬ ಕೆನಡಾದ ಪಶ್ಚಿಮಕ್ಕೆ ಹೋಗಿ, ಹಸಿರು ನದಿಗಳೂ ಹಿಮದ ಬೆಟ್ಟಗಳೂ ತುಂಬಿದ ಫೋಟೋಗಳನ್ನು ಇಲಾಖೆಗೆಲ್ಲ ಹಂಚಿದ್ದ. ಅಷ್ಟು ದೂರ ಹೋಗುವ ತ್ರಾಣ ನಮಗಿರಲಿಲ್ಲ; ನದಿ ಕಣಿವೆ ಹಿಡಿದು ಬೆಟ್ಟ ಹತ್ತುವ ದಾರಿ ಸ್ವೀಡನ್ನಿನ ಉತ್ತರದಲ್ಲೇ ಇದೆಯಲ್ಲ ಎಂದು ಶಾಲಿನಿ ನಕಾಶೆ ಹರಡಿದಳು. ಜೇಬಿನ ಫೋನು ದಾರಿ ಹೇಳಿಕೊಡುವ ಕಾಲ ಇನ್ನೂ ಬಂದಿರಲಿಲ್ಲ. ಚಾಲಕಿ ಅವಳೇ. ನಾನು ಇಲ್ಲಿನ ಲೈಸೆನ್ಸಿನ ಲಿಖಿತ ಪರೀಕ್ಷೆಯಲ್ಲಿ ನಪಾಸಾಗಿ, ಪೂರಕ ಪರೀಕ್ಷೆಯಲ್ಲೂ ನಪಾಸಾಗಿ, ವಿದ್ಯಾರ್ಥಿಗಳ ಶಾಪಕ್ಕೆ ಬೆಲೆಯಿದೆ ಎಂದು ಅರಿತವನು. ನಕಾಶೆ ಹಿಡಿಯುವ ಕೆಲಸ ನನ್ನದು. ಬೆಟ್ಟದ ಶುದ್ಧ ಗಾಳಿ ಮಗುವಿನ ಎದೆಗೆ ಒಳ್ಳೆಯದಾದೀತು ಎಂದು ನಾನೂ ಒಪ್ಪಿದೆ.

ಉತ್ತರದ ನದಿಗಳಿಗೆ ಆತುರವಿಲ್ಲ. ಓಂಗರ್ಮನ್ ನದಿಯ ದಡ ಹಿಡಿದು ದಿನವಿಡೀ ಹೋದರೂ ಅದು ಪಕ್ಕದಲ್ಲೇ, ಅಗಲವಾಗಿ, ಕಪ್ಪಗೆ, ಅಣೆಕಟ್ಟಿನಿಂದ ಅಣೆಕಟ್ಟಿಗೆ ಸುಮ್ಮನೆ ಸರಿಯುತ್ತಿರುತ್ತದೆ. ನದಿಗೆ ಅವರು ಎಲ್ವ್ ಎನ್ನುತ್ತಾರೆ, ರಸ್ತೆಗೆ ಅಡ್ಡ ಬಂದು ಕಾರು ಜಜ್ಜುವ ಕಡವೆಯಂಥ ದೊಡ್ಡ ಪ್ರಾಣಿಗೆ ಎಲ್ಯ್ ಎನ್ನುತ್ತಾರೆ. ಆ ಎಚ್ಚರಿಕೆಯ ಫಲಕ ಕಂಡಾಗ ನಾನು ಮಾಸ್ತರಿಕೆಯ ಧ್ವನಿಯಲ್ಲಿ, "ಮುಂದೆ ನದಿ ಅಡ್ಡ ಬರಬಹುದು, ಹುಷಾರು" ಎಂದುಬಿಟ್ಟೆ. ಶಾಲಿನಿ ಸೇತುವೆಗಾಗಿ ಬಹಳ ದೂರ ಕಾದಳು. ನಕ್ಕದ್ದು ಅದೊಂದೇ ಸಲ. ಹಿಂದಿನ ಸೀಟಿನಿಂದ ಶ್ಶುಪ್ ಬರುತ್ತಲೇ ಇತ್ತು, ಮತ್ತು ಪ್ರತಿ ಶ್ಶುಪ್ಪಿಗೂ ಶಾಲಿನಿಯ ಕಣ್ಣು ಮೇಲಿನ ಕನ್ನಡಿಗೆ ಹೋಗಿ ಬರುತ್ತಿತ್ತು.

ಬೆಟ್ಟ ಶುರುವಾಗುವ ಮುಂಚಿನ ಕೊನೆಯ ಊರಿನಲ್ಲಿ ಪೆಟ್ರೋಲಿಗೆ ನಿಂತೆವು. ಶಾಲಿನಿ ಹೊರಗೆ ಪೆಟ್ರೋಲು ತುಂಬಿಸುತ್ತಿದ್ದಳು, ನಾನು ಹಾಲು ಕೊಳ್ಳಲು ಒಳಗೆ ಹೋದವನು ಅಂಗಡಿಯ ಹೆಂಗಸನ್ನು, ಬೆಟ್ಟದ ಮೇಲಿನ ರಸ್ತೆ ತೆರೆದಿದೆಯಾ ಎಂದು ಕೇಳಿದೆ. ಆಕೆ ಕಣ್ಣರಳಿಸಿ, ಹುಬ್ಬೇರಿಸಿ, ಹಾವು ಕಂಡವರ ಹಾಗೆ ಉಸಿರನ್ನು ಒಳಗೆಳೆದುಕೊಂಡಳು. ಒಂದು ಅಕ್ಷರವೂ ಹೊರಬರಲಿಲ್ಲ. ಆಮೇಲೆ ಏನೂ ಆಗದವಳಂತೆ ಚಿಲ್ಲರೆ ಕೊಟ್ಟಳು. ನಾನು ಓಡಿಬಂದು, "ಶಾಲಿನೀ, ಈ ರಸ್ತೆ ಬೇಡ. ಹೆಸರು ಕೇಳಿದ್ರೇನೇ ಆ ಹೆಂಗಸು ಬೆಚ್ಚಿಬಿದ್ಲು" ಎಂದೆ. "ನೀವು ಕೇಳೋ ರೀತಿಗೇ ಬೆಚ್ಚಿರ್ತಾಳೆ. ಮುಖ ನೋಡ್ಕೊಳ್ಳಿ, ಶ್ರಾದ್ಧಕ್ಕೆ ಹೊರಟೋರ ಥರ ಇದೀರ" ಎಂದು ಅವಳು ಕಾರು ಹತ್ತಿದಳು. ಹತ್ತದೆ ನಾನೇನು ಮಾಡಲಿ.

ರಸ್ತೆ ಏರಿದಂತೆ ಮರಗಳು ಮೊದಲು ಗಿಡ್ಡವಾದವು, ಆಮೇಲೆ ಬಾಗಿದವು, ಆಮೇಲೆ ಇಲ್ಲವೇ ಇಲ್ಲವಾದವು. ಬೇಸಿಗೆಯಲ್ಲೂ ಕರಗದ ಹಿಮ ಎರಡೂ ಬದಿಗೆ ಆಳೆತ್ತರದ ಗೋಡೆಯಾಗಿ ನಿಂತಿತ್ತು. ಬೋಳು ನೆತ್ತಿಯ ಮೇಲೆ ಒಂದು ಫಲಕ: ಇಲ್ಲಿಂದ ಮುಂದೆ ಎಲ್ಲೂ ಗಾಡಿ ನಿಲ್ಲಿಸಕೂಡದು, ಹಕ್ಕಿಗಳು ಮೊಟ್ಟೆಗೆ ಕೂತಿವೆ. ಎಂಥ ಕರುಣಾಳು ದೇಶ ಎಂದು ಬೇರೆ ದಿನವಾಗಿದ್ದರೆ ಹೊಗಳುತ್ತಿದ್ದೆ. ಫಲಕ ದಾಟಿ ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು. ಮುಂದೆ ಕಾಣದು, ಹಿಂದೆ ಕಾಣದು, ನಿಲ್ಲಿಸುವ ಹಾಗಿಲ್ಲ, ತಿರುಗಿಸುವ ಹಾಗಿಲ್ಲ. ಶಾಲಿನಿ ಸ್ಟಿಯರಿಂಗಿಗೆ ಮೂಗು ತಾಗಿಸಿ ಕೂತು ಎತ್ತಿನಗಾಡಿಯ ವೇಗದಲ್ಲಿ ಹೊರಟಳು.

ನಾನು ಹಿಂದೆ ತಿರುಗಿ ನೋಡಿದೆ. ಮಗಳು ಕಿಟಕಿಗೆ ಹಣೆ ಒತ್ತಿಕೊಂಡು ತೀರ ಸುಮ್ಮನೆ ಕೂತಿದ್ದಳು. "ಪುಟ್ಟೀ, ಎಚ್ಚರ ಇದೀಯಾ?" "ಶ್ಶುಪ್." "ಚಳಿಯಾಗ್ತಿದೆಯಾ?" "ಶ್ಶುಪ್." "ಅಪ್ಪ ಇಲ್ಲೇ ಇದೀನಿ, ಗೊತ್ತಾಯ್ತಾ?" "ಶ್ಶುಪ್." ನಾನು ಕೇಳಿದಷ್ಟೂ ಅದು ಹೆಚ್ಚಾಯಿತು, ಹೆಚ್ಚಾದಷ್ಟೂ ನಾನು ಕೇಳಿದೆ. ನಕಾಶೆಯನ್ನು ಕಾಲ ಬಳಿ ಹಾಕಿದೆ. ಈ ಮಂಜಿನಲ್ಲಿ ಇವಳ ಉಸಿರು ನಿಂತರೆ ಯಾರನ್ನು ಕರೆಯಲಿ, ಮೊಟ್ಟೆಗೆ ಕೂತ ಹಕ್ಕಿಗಳನ್ನೇ? ನನ್ನ ಜೇಬಿನ ಉಬ್ಬಸದ ಪಂಪು ತೆಗೆದು ಮಗುವಿನ ಬಾಯಿಗಿಡಲು ಹಿಂದಕ್ಕೆ ಬಾಗಿದೆ. "ದೊಡ್ಡೋರ ಔಷಧಿ ಕಣ್ರೀ ಅದು! ಮುಟ್ಟಬೇಡಿ!" ಎಂದು ಶಾಲಿನಿ ಕೂಗಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಕೆಳಗಿಳಿದ ತಕ್ಷಣ ಡಾಕ್ಟರ ಹತ್ರ ಹೋಗೋಣ, ಸುಮ್ನಿರಿ. ನೀವು ಹಿಂಗಾಡಿದ್ರೆ ನಂಗೂ ಕೈಕಾಲು ಬಿದ್ದುಹೋಗತ್ತೆ" ಎಂದಳು. ಅವಳೂ ಹೆದರಿದ್ದಾಳೆ ಎಂಬುದು ಗೊತ್ತಾದ ಮೇಲೆ ನನಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

ಬೆಟ್ಟದ ಆಚೆ ಮಗ್ಗುಲಿಗೆ ಇಳಿದಾಗ ಮಂಜು ಹರಿಯಿತು, ಕೆರೆಯೊಂದು ಕಂಡಿತು, ಕೆರೆಯ ದಂಡೆಗೆ ನಾಲ್ಕು ಮನೆ, ಒಂದು ಚರ್ಚು, ಒಂದು ಪುಟ್ಟ ಆರೋಗ್ಯ ಕೇಂದ್ರ. ಪಂಪನ್ನು ಸೀಟಿನ ಮೇಲೆ ಎಸೆದು, ಮಗಳನ್ನೆತ್ತಿಕೊಂಡು ಒಳಗೆ ಓಡಿದೆ. ಬೆಳ್ಳಿಕೂದಲಿನ ಎತ್ತರದ ನರ್ಸೊಬ್ಬಳು ಮಗುವನ್ನು ಮೇಜಿನ ಮೇಲೆ ಕೂರಿಸಿ, ಸ್ಟೆತಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮುಂದೆ ಹಿಂದೆ ನಿಧಾನವಾಗಿ ಕೇಳಿದಳು. ನಾನು ನನಗೆ ಬಂದಷ್ಟು ಸ್ವೀಡಿಷಿನಲ್ಲಿ, ಎದೆ ಚೆನ್ನಾಗಿದೆಯಾ ಎಂದೆ. ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ಹುಬ್ಬು ಮೇಲೇರಿದವು. "ಶ್ಶುಪ್!"

ನೀವೇ ಹೇಳಿ, ನಮ್ಮ ಕಡೆ ವೈದ್ಯರು ಮಗುವಿನ ಎದೆ ಕೇಳಿ ಹೀಗೆ ಉಸಿರೆಳೆದುಕೊಂಡರೆ ಮನೆಯವರು ಏನು ತಿಳಿಯಬೇಕು? ಗೋಡೆ ಹಿಡಿದುಕೊಂಡು, ಏನೂ ತೊಂದರೆಯಿಲ್ಲ ತಾನೇ ಎಂದೆ. ಆಕೆ ಇನ್ನೂ ದೀರ್ಘವಾಗಿ, ಇನ್ನೂ ಆಳವಾಗಿ ಒಳಗೆಳೆದಳು. ಅಷ್ಟೇ, ನನ್ನ ಎದೆಯ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಉಸಿರು ಒಳಗೂ ಬರದು, ಹೊರಗೂ ಹೋಗದು. ಭುಜ ಮೇಲೇರಿ, ಬಾಯಿ ಅರೆತೆರೆದು, ಮಗಳ ಎದುರು ನಾನೇ ಆ ಸದ್ದು ಮಾಡುತ್ತ ಕುಸಿದೆ. ನರ್ಸು ಮಗುವನ್ನು ಶಾಲಿನಿಯ ಕೈಗಿತ್ತು ಸರ್ರನೆ ನನ್ನ ಕಡೆ ತಿರುಗಿದಳು. ಮಗಳನ್ನು ಕೂರಿಸಿದ್ದ ಮೇಜಿನ ಮೇಲೆ ನನ್ನನ್ನು ಕೂರಿಸಿ, ಔಷಧದ ಹಬೆ ಬರುವ ಮುಖವಾಡವನ್ನು ಮೂತಿಗೆ ಕಟ್ಟಿದಳು. ರೋಗಿಯನ್ನು ಕರೆತಂದವನೇ ರೋಗಿಯಾದೆ.

ಹಬೆ ಗುಂಯ್‌ಗುಡುತ್ತಿತ್ತು. ಶಾಲಿನಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು, ಕಣ್ಣಲ್ಲಿ ನೀರಿತ್ತು. ನರ್ಸು ಅಳುಮೋರೆಯ ವಿಭಾಳನ್ನು ಸಮಾಧಾನ ಮಾಡಲು, ಇವರು ನಿನ್ನ ಅಪ್ಪನಾ ಎಂದು ಸ್ವೀಡಿಷಿನಲ್ಲಿ ಕೇಳಿದಳು. "ಶ್ಶುಪ್" ಅಂದಳು ವಿಭಾ. ಅಪ್ಪನಿಗೆ ವಾಸಿಯಾದ ಮೇಲೆ ಐಸ್‌ಕ್ರೀಮ್ ತಿನ್ನೋಣವಾ? "ಶ್ಶುಪ್!" ಜಾಣೆ, ಎಂದು ನರ್ಸೂ "ಶ್ಶುಪ್" ಅಂದಳು. ನನ್ನ ಕೈ ಹಿಡಿದಿದ್ದ ಶಾಲಿನಿಯ ಹಿಡಿತ ಮೆಲ್ಲನೆ ಸಡಿಲವಾಯಿತು.

"ವಿಭಾ, ಈಗ ಆಂಟಿಗೆ ಏನಂದೆ?"

"ಹೌದು ಅಂದೆ."

"ಎಲ್ಲಂದೆ? ನಂಗೆ ಕೇಳ್ಸಲೇ ಇಲ್ವಲ್ಲ."

"ಅಂದ್ನಲ್ಲಮ್ಮಾ! ಶ್ಶುಪ್! ನಮ್ಮ ಹೊಸ ಫ್ರೋಕೆನ್ ಹಿಂಗೇ ಅನ್ನೋದು." ಫ್ರೋಕೆನ್ ಎಂದರೆ ಡಾಗಿಸಿನ ಟೀಚರು, ಆ ವಸಂತದಲ್ಲಿ ಉತ್ತರದ ಯಾವುದೋ ಊರಿನಿಂದ ಬಂದು ಸೇರಿದ್ದವಳು. ನರ್ಸು ನಮ್ಮಿಬ್ಬರ ಮುಖ ನೋಡಿ, ಸಂಗತಿ ತಿಳಿದು, ಕುರ್ಚಿಗೆ ಒರಗಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಇಲ್ಲಿ ನಾವೆಲ್ಲ ಹೌದು ಅನ್ನುವುದೇ ಹೀಗೆ ಎಂದಳು. ಇಷ್ಟು ಚಳಿಯ ಊರಿನಲ್ಲಿ ಒಂದು ಹೌದಿಗೋಸ್ಕರ ಬಿಸಿ ಉಸಿರನ್ನು ಹೊರಗೆ ಚೆಲ್ಲುತ್ತಾರೆಯೇ ಎಂದು ತಮಾಷೆ ಮಾಡಿದಳು. ಮಗುವಿನ ಎದೆ ನಿರ್ಮಲವಾಗಿದೆ; ಮುಂದಿನದನ್ನು ಯಾರೂ ಹೇಳಲಾರರು, ಇವತ್ತಿಗೆ ಏನೂ ಇಲ್ಲ.

ಮುಖವಾಡದೊಳಗೆ ಕೂತು ನಾನು ಹಿಂದಿನದನ್ನೆಲ್ಲ ಮತ್ತೊಮ್ಮೆ ಕೇಳಿಸಿಕೊಂಡೆ. ಹಸಿವಾಗಿದೆಯಾ? ಹೌದು. ನಿಜ ಹೇಳ್ತಿದೀಯ ತಾನೇ? ಹೌದು! ಬೆಟ್ಟದ ರಸ್ತೆ ತೆರೆದಿದೆಯಾ? ಹೌದು. ಅಪ್ಪ ಇಲ್ಲೇ ಇದೀನಿ, ಗೊತ್ತಾಯ್ತಾ? ಹೌದು. ಇಡೀ ವಸಂತ ಮಗಳು ನನಗೆ ಹೌದು ಹೌದು ಎಂದು ಹೇಳುತ್ತಲೇ ಇದ್ದಳು, ನಾನು ಅಯ್ಯೋ ಅಯ್ಯೋ ಎಂದು ಕೇಳಿಸಿಕೊಳ್ಳುತ್ತಲೇ ಇದ್ದೆ. ಪಾಪ, ಆ ಕೂಸಿನ ಎಷ್ಟು ಐಸ್‌ಕ್ರೀಮು ನನ್ನ ಭಯಕ್ಕೆ ಕರಗಿಹೋಯಿತೋ. ನಮ್ಮ ವರ್ಣಮಾಲೆಯ ಅಕ್ಷರಗಳೆಲ್ಲ ಹೊರಗೆ ಹೋಗುವ ಉಸಿರಿನ ಮಕ್ಕಳು, ಒಳಗೆ ಬರುವ ಉಸಿರಿಗೆ ಒಂದು ಅಕ್ಷರವೂ ಇಲ್ಲ ಎಂಬ ಸಮಾಧಾನ ವ್ಯಾಕರಣದವನಾಗಿ ನನಗಿದ್ದೇ ಇದೆ. ಆದರೆ ಪ್ರಾಣಾಯಾಮದವರು ಒಳಗೆಳೆಯುವ ಉಸಿರಿಗೆ ಪೂರಕ ಎಂದು ಎಂದೋ ಹೆಸರಿಟ್ಟಿದ್ದಾರೆ. ಉತ್ತರದವರು ನನಗೆ ಕೊಟ್ಟದ್ದು ಅಕ್ಷರಶಃ ಪೂರಕ ಉತ್ತರ. ಪೂರಕ ಪರೀಕ್ಷೆಯಲ್ಲಿ ನಪಾಸಾದವನಿಗೆ ಅದು ಅರ್ಥವಾಗಲಿಲ್ಲ.

ನರ್ಸು ಮುಖವಾಡ ಬಿಚ್ಚಿ, ಈಗ ಹಗುರಾಯಿತೇ ಎಂದು ಕೇಳಿದಳು. ಹ್ಞೂಂ ಎನ್ನಲು ಹೊರಟೆ. ಅಷ್ಟರಲ್ಲಿ ಉಸಿರು ಒಳಗೆ ಬಂತು. ಎಲ್ಲೂ ತಡೆಯದೆ, ಎಲ್ಲೂ ಸಿಳ್ಳೆ ಹಾಕದೆ, ಎದೆಯ ತಳದವರೆಗೂ ತಾನಾಗಿ ಇಳಿಯಿತು. ಆ ಸುಖಕ್ಕೆ ನನ್ನ ಹುಬ್ಬು ಮೇಲೇರಿದವು. "ಶ್ಶುಪ್" ಎಂದಿತು ನನ್ನ ಬಾಯಿ. ವಿಭಾ ಚಪ್ಪಾಳೆ ತಟ್ಟಿ, "ಅಪ್ಪಂಗೂ ಬಂತು!" ಎಂದು ಕೂಗಿದಳು. ಆ ಸಂಜೆ ಕೆರೆಯ ದಂಡೆಯಲ್ಲಿ, ಮುಳುಗಲೊಲ್ಲದ ಸೂರ್ಯನ ಎದುರು ಕೂತು ಅವಳು ತಿಂದ ಐಸ್‌ಕ್ರೀಮಿಗೆ ನಾನು ಅಡ್ಡಿ ಹೇಳಲಿಲ್ಲ. ಆದರೂ ಅವಳ ಉಸಿರನ್ನು ಕೇಳುವುದನ್ನು ಪೂರ್ತಿ ಬಿಟ್ಟಿದ್ದೇನೆ ಎಂದರೆ ಸುಳ್ಳಾಗುತ್ತದೆ.

ಲಿಂಕೋಪಿಂಗಿಗೆ ಮರಳಿದ ಮೇಲಿನ ಭಾನುವಾರ ಅಕ್ಕನ ಫೋನು ಬಂತು. ಹುಳಿ ಕುದಿಯುತ್ತಿತ್ತು, ನಲ್ಲಿ ನೀರು ಬಂದು ಹೋಯಿತು, ಎದುರುಮನೆಯ ಬೀಗರು ಮತ್ತೆ ಮುನಿಸಿಕೊಂಡರು. ನಾನು ಹ್ಞೂಂಗಳನ್ನು ಸಲ್ಲಿಸುತ್ತಿದ್ದೆ. ಕೊನೆಗೆ ಅವಳು, "ಮಗು ಹುಷಾರಾಗಿದಾಳೇನೋ?" ಎಂದಳು. ಬಾಗಿಲಾಚೆ ವಿಭಾ ಹಗ್ಗದಾಟ ಆಡುತ್ತಿದ್ದದ್ದು ಕಾಣುತ್ತಿತ್ತು. "ಶ್ಶುಪ್" ಎಂದುಬಿಟ್ಟೆ.

"ಏನಾಯ್ತೋ!" ಎಂದು ಅಕ್ಕ ಕಿರುಚಿದಳು. "ದಮ್ಮು ಬಂತಾ? ಕೂತ್ಕೋ! ಶಾಲಿನೀನ ಕರಿ! ನಿಧಾನ ಮರೀ, ಇನ್ನೊಂದುಸ್ರು..." ಚಿತ್ರದುರ್ಗದಲ್ಲಿ ಕೂತೇ ಅವಳು ನನ್ನ ಬೆನ್ನಿಗೆ ದಿಂಬು ಹುಡುಕುತ್ತಿದ್ದಳು. ನನ್ನ ವಸಂತವಿಡೀ ಅವಳ ಆ ಒಂದು ಕೂಗಿನಲ್ಲಿತ್ತು.

"ಏನಿಲ್ಲ ಕಣಕ್ಕ, ಏನೇನೂ ಇಲ್ಲ. ಹೌದು ಅಂದೆ ಅಷ್ಟೇ. ಇಲ್ಲಿ ಬೆಟ್ಟದ ಕಡೆ ಜನ ಹಂಗೇ ಹೌದು ಅನ್ನೋದು."

"ಸುಡುಗಾಡು ಹೌದು! ಕೇಳಿದೋರ ಜೀವ ಹೋಗತ್ತೆ" ಎಂದಳು. ಆಮೇಲೆ, ಮೂಗೆಳೆದುಕೊಂಡು, "ನಂಗೆ ಅದೆಲ್ಲ ಬೇಡ. ಮಗು ಹುಷಾರಾಗಿದಾಳಾ, ನೀನು ಹುಷಾರಾಗಿದೀಯಾ? ಹೊರಗೆ ಉಸಿರು ಬಿಟ್ಟು ಹೇಳು, ನಾನು ಕೇಳಿಸ್ಕೋಬೇಕು."

ಒಲೆ ಆರಿಸಿ, ಫೋನನ್ನು ಭುಜದಿಂದ ಕೈಗೆ ತೆಗೆದುಕೊಂಡು, ಎದೆಯಲ್ಲಿದ್ದಷ್ಟು ಉಸಿರನ್ನೂ ಬಿಟ್ಟು, ಹ್ಞೂಂ ಎಂದೆ.